ಡೊಂಬಿವಲಿಯ ಮಳೆಗಾಲ, ನಾಲ್ಕು ಬಗೆಯ ಬಿಬ್

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಮಗಳಿಗೆ ಈಗ ಹತ್ತು ತಿಂಗಳು. ಏಪ್ರಿಲ್‌ನಲ್ಲಿ ಜೊಲ್ಲು ಶುರುವಾಯಿತು, ಜೂನ್‌ನಲ್ಲಿ ಆರು ತಿಂಗಳು ತುಂಬಿದ ಮೇಲೆ ರಾಗಿ ಮಣ್ಣಿ. ಬಟ್ಟೆ ಕೊಳೆಯಾಗದಂತೆ ಮಗುವಿನ ಕುತ್ತಿಗೆಗೆ ಕಟ್ಟುತ್ತೇವಲ್ಲ, ಆ ಬಿಬ್ ಎರಡಕ್ಕೂ ಒಂದೇ ಸಾಕು ಅಂದುಕೊಂಡಿದ್ದೆ. ಪಕ್ಕದ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಬಿಬ್‌ಗೆ ‘ಲಾಳೇರಂ’ ಅನ್ನುತ್ತಾರೆ. ಮರಾಠಿಯಲ್ಲಿ ಲಾಳ ಅಂದರೆ ಜೊಲ್ಲು. ಹೆಸರಲ್ಲಿ ಜೊಲ್ಲು ಇದೆ, ಊಟ ಇಲ್ಲ. ಇದು ನನ್ನ ತಲೆಗೆ ಹೋಗುವಷ್ಟರಲ್ಲಿ ನಾಲ್ಕು ಬಗೆಯವು ಮನೆ ಸೇರಿದ್ದವು.

ಮೊದಲು ತಂದದ್ದು ಟರ್ಕಿ ಟವೆಲ್ ಬಟ್ಟೆಯದು, ಹಿಂದೆ ವೆಲ್ಕ್ರೋ. ಜೊಲ್ಲು ಹೀರುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ಏಪ್ರಿಲ್‌ನಲ್ಲಿ ಬೆಳಗ್ಗೆ ಒಗೆದು ಹಾಕಿದರೆ ಮಧ್ಯಾಹ್ನಕ್ಕೆ ಗರಿಗರಿ. ಆಗ ಕಂಡವರಿಗೆಲ್ಲ ಇದನ್ನೇ ತಗೊಳ್ಳಿ ಅಂತ ಹೇಳಿಯೂ ಬಿಟ್ಟೆ. ಜುಲೈ ಬಂತು ನೋಡಿ, ಫ್ಯಾನಿನ ಕೆಳಗೆ ಹಾಕಿದರೂ ಎರಡು ದಿನ. ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಮೂಸಿದರೆ ಮುಗ್ಗಲು ವಾಸನೆ. ವೆಲ್ಕ್ರೋ ಕಥೆ ಬೇರೆ. ವಾಷಿಂಗ್ ಮಷಿನ್‌ನಲ್ಲಿ ನನ್ನ ಕುರ್ತಾಕ್ಕೆ ಕಚ್ಚಿಕೊಂಡು ದಾರ ಎಳೆಯಿತು. ಆಮೇಲೆ ಅದರ ಮುಳ್ಳಿನಲ್ಲಿ ನೂಲು, ಕೂದಲು ತುಂಬಿ ಹಿಡಿತವೇ ಹೋಯಿತು. ಮಗಳು ಒಮ್ಮೆ ಎಳೆದರೆ ಪರ್ ಅಂತ ಕೈಗೆ ಬರುತ್ತಿತ್ತು. ಅವಳಿಗೆ ಅದೇ ಆಟ.

ಎರಡನೆಯದು ತುಂಬು ತೋಳಿನದು, ಒಳಗೆ ಪ್ಲಾಸ್ಟಿಕ್ ಪದರ. ಆನ್‌ಲೈನ್‌ನಲ್ಲಿ ತರಿಸಿದ್ದು. ಫೋಟೋದಲ್ಲಿ ಮಗು ನಗುತ್ತಿತ್ತು. ನಮ್ಮ ಮಗು ತೋಳು ತೂರಿಸುವಾಗಲೇ ಅಳು ಶುರು ಮಾಡಿತು. ಈ ಸೆಕೆಗೆ ಊಟ ಮುಗಿಯುವಷ್ಟರಲ್ಲಿ ಬೆನ್ನೆಲ್ಲ ಬೆವರು. ಎರಡನೇ ಒಗೆತಕ್ಕೆ ಪದರ ಸಿಪ್ಪೆ ಎದ್ದಿತು. ಇದರ ಬಗ್ಗೆ ಇಷ್ಟು ಸಾಕು.

ಮೂರನೆಯದು ಸಿಲಿಕೋನ್, ಕೆಳಗೆ ಜೇಬಿರುವಂಥದ್ದು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 110 ಗ್ರಾಂ. ಆರು ತಿಂಗಳ ಮಗುವಿಗೆ ಅದು ಭಾರವೇ. ಆಗ ಇವಳು ಕೂತಲ್ಲೇ ಮುಂದಕ್ಕೆ ಬಾಗುತ್ತಿದ್ದಳು. ಜೇಬು ಮಡಚಿಕೊಂಡು ಅಂಚು ಗದ್ದಕ್ಕೆ ಒತ್ತುತ್ತಿತ್ತು. ದುಡ್ಡು ದಂಡ ಅಂತ ಒಳಗಿಟ್ಟೆ. ಎಂಟನೇ ತಿಂಗಳಲ್ಲಿ ಬೆನ್ನು ನೆಟ್ಟಗಾಯಿತು, ಮತ್ತೆ ತೆಗೆದೆ. ಈಗ ಇದಿಲ್ಲದೆ ಊಟವೇ ಇಲ್ಲ. ಇಡ್ಲಿ ಚೂರು, ಬಾಳೆಹಣ್ಣು, ಬೇಳೆ ಎಲ್ಲ ಜೇಬಿಗೆ ಬೀಳುತ್ತದೆ. ಅವಳು ಅಲ್ಲಿಂದಲೇ ಹೆಕ್ಕಿ ತಿನ್ನುತ್ತಾಳೆ. ನಲ್ಲಿಯ ಕೆಳಗೆ ಹಿಡಿದು ಒರೆಸಿದರೆ ಆಯಿತು. ಮುಂಬೈನ ಮಾಟುಂಗದ ಹೋಟೆಲಿಗೆ ಹೋದಾಗ ಸುರುಳಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ನೆಲಕ್ಕೆ ಬಿತ್ತು. ಎತ್ತಿದರೆ ಆ ಬೋಗಿಯ ಕೂದಲು, ಧೂಳು ಎಲ್ಲ ಅದಕ್ಕೆ ಅಂಟಿತ್ತು! ತುಪ್ಪದ ಜಿಡ್ಡು ಜೇಬಿನ ಮೂಲೆಯಲ್ಲಿ ಕೂರುತ್ತದೆ, ಬೆರಳು ಹಾಕಿ ಬಿಸಿನೀರಲ್ಲಿ ಉಜ್ಜಬೇಕು. ಜೊಲ್ಲಿಗಂತೂ ಸುತರಾಂ ಬೇಡ. ಹೀರುವುದಿಲ್ಲವಲ್ಲ, ಒದ್ದೆ ಕುತ್ತಿಗೆಯಲ್ಲೇ ನಿಲ್ಲುತ್ತದೆ. ಎರಡು ದಿನ ಹಾಗೇ ಬಿಟ್ಟದ್ದಕ್ಕೆ ಗದ್ದದ ಕೆಳಗೆ ಕೆಂಪು ಗುಳ್ಳೆ ಎದ್ದವು.

ನಾಲ್ಕನೆಯದನ್ನು ಅಮ್ಮ ಉಡುಪಿಯಿಂದ ಮತ್ಸ್ಯಗಂಧ ರೈಲಿನಲ್ಲಿ ತಂದರು. ಅಪ್ಪನ ಹಳೇ ಪಂಚೆ ಕತ್ತರಿಸಿ, ಎರಡು ಪದರ ಮಾಡಿ, ಕಟ್ಟಲಿಕ್ಕೆ ನಾಡಾ (ಲಾಡಿ) ಇಟ್ಟು ಹೊಲಿದ ಹನ್ನೆರಡು ಬಿಬ್. ಒಂದೊಂದೂ ಹದಿನೈದು ಗ್ರಾಂ ಇಲ್ಲ. ತೊಳೆದು ತೊಳೆದು ಬಟ್ಟೆ ಎಷ್ಟು ಮೆತ್ತಗಾಗಿತ್ತೆಂದರೆ ಗದ್ದ ಎಷ್ಟು ಸಲ ಒರೆಸಿದರೂ ಕೆಂಪಾಗುತ್ತಿರಲಿಲ್ಲ. ಅರ್ಧ ಗಂಟೆಗೆ ತೊಯ್ದು ಹೋಗುತ್ತದೆ, ನಿಜ. ಆದರೆ ರಾತ್ರಿ ಫ್ಯಾನಿನ ಕೆಳಗೆ ಹಾಕಿದರೆ ಬೆಳಗ್ಗೆ ರೆಡಿ, ಜುಲೈಯಲ್ಲೂ. ಟರ್ಕಿ ಟವೆಲ್ ಸೋತದ್ದು ಇಲ್ಲೇ.

ನಾಡಾ ಮಾತ್ರ ನನಗೆ ಸರಿಬರಲಿಲ್ಲ. ಒಂದು ಮಧ್ಯಾಹ್ನ ಮಗಳು ಬಿಬ್ ಕಟ್ಟಿಕೊಂಡೇ ನಿದ್ದೆ ಹೋಗಿದ್ದಳು. ಗಂಟು ಹಿಂದಿನಿಂದ ಜಾರಿ ಕಿವಿಯ ಹತ್ತಿರ ಬಂದು ಕೂತಿತ್ತು. ನಾನು ಗಾಬರಿಯಾಗಿ ಬಿಚ್ಚಿದೆ. “ನಿಮ್ಮನ್ನೆಲ್ಲ ಹೀಗೇ ಬೆಳೆಸಿದ್ದು ಮಾರಾಯ್ತಿ” ಅಂದರು ಅಮ್ಮ. ಇರಬಹುದು, ಆದರೆ ಮಲಗುವಾಗ ಕುತ್ತಿಗೆಗೆ ಯಾವ ಬಿಬ್ಬೂ ಬೇಡ. ಸ್ಟೇಷನ್ ಹತ್ತಿರದ ಟೇಲರ್ ಕೈಯಲ್ಲಿ ನಾಡಾ ತೆಗೆಸಿ ಟಿಚ್ ಬಟನ್ ಹಾಕಿಸಿದೆ. ಸೂಜಿಯಲ್ಲಿ ಹೊಲಿದದ್ದು ಕಿತ್ತು ಬಾಯಿಗೆ ಹೋದೀತು ಅಂತ ಮಷಿನ್‌ನಲ್ಲಿ ಒತ್ತಿ ಕೂರಿಸುವಂಥದ್ದೇ ಬೇಕೆಂದೆ.

ಅರಿಶಿನದ ಕಲೆ ಹೇಳದಿದ್ದರೆ ಹೇಗೆ? ಬೇಳೆ ಬಿದ್ದ ಪಂಚೆ ಬಿಬ್‌ಗೆ ಸೋಪು ಹಚ್ಚಿದ ಕೂಡಲೇ ಹಳದಿ ಹೋಗಿ ಕೆಂಪು, ಸುಣ್ಣ ಹಾಕಿದ ಓಕುಳಿಯ ಹಾಗೆ. ಜಾಲಾಡಿದರೆ ಮತ್ತೆ ಹಳದಿ. ಮಳೆಗಾಲ ಪೂರ್ತಿ ಉಜ್ಜಿ ಉಜ್ಜಿ ಸೋತೆ. ಈ ವಾರ ಅಕ್ಟೋಬರ್ ಬಿಸಿಲಿಗೆ ಒದ್ದೆಯಾಗಿಯೇ ಹರವಿದೆ. ಎರಡು ಮಧ್ಯಾಹ್ನಕ್ಕೆ ಕಲೆ ಎಲ್ಲಿತ್ತು ಅಂತ ಹುಡುಕಬೇಕಾಯಿತು. ಅರಿಶಿನದ ಬಣ್ಣಕ್ಕೆ ಬಿಸಿಲು ತಡೆಯುವುದಿಲ್ಲ, ಸುಮ್ನೆ ಸೋಪು ಖರ್ಚು ಮಾಡಿದ್ದೆ.

ಈಗ ಊಟಕ್ಕೆ ಸಿಲಿಕೋನ್ ಒಂದು, ಜೊಲ್ಲಿಗೆ ಪಂಚೆಯವು ಹನ್ನೆರಡು. ಟರ್ಕಿ ಟವೆಲಿನವು ಸ್ಟವ್ ಒರೆಸುತ್ತಿವೆ. ಇನ್ನೊಂದು ಆರು ಬೇಕು ಅಂತ ನಿನ್ನೆ ಅಮ್ಮನಿಗೆ ಫೋನ್ ಮಾಡಿದೆ. ಹಿಂದಿನಿಂದ ಅಪ್ಪನ ದನಿ ಕೇಳಿಸಿತು: “ನನಗೆ ಉಡಲಿಕ್ಕೆ ಎರಡಾದರೂ ಬಿಡಿ.”