ಎಂಟು ಕ್ಯಾಮೆರಾ, ಒಂದು ತಂಬ್ ಮೆಷಿನ್: ಹಾಸ್ಟೆಲ್ ಸೆಕ್ಯುರಿಟಿ ಸೆಟ್ ಕೊಡಗಿನ ಮಳೆಗೆ ತಡೆಯುತ್ತದಾ?

ಕಾಲೇಜು ಹಾಸ್ಟೆಲ್‌ಗೆ ಸೆಕ್ಯುರಿಟಿ ಸೆಟ್ ಬೇಕೆಂದರೆ ಸಾಮಾನ್ಯವಾಗಿ ಬರುವ ಕೊಟೇಶನ್ ಇಷ್ಟು: 2 ಮೆಗಾಪಿಕ್ಸೆಲ್‌ನ ಎಂಟು ಕ್ಯಾಮೆರಾ, 1 ಟಿಬಿ ಹಾರ್ಡ್ ಡಿಸ್ಕ್, ಮುಂಬಾಗಿಲಿಗೆ ಬೆರಳಚ್ಚು ಓದುವ ತಂಬ್ ಮೆಷಿನ್, ಮ್ಯಾಗ್ನೆಟ್ ಲಾಕ್, 12 ವೋಲ್ಟಿನ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ. ಬಯಲುಸೀಮೆಯಲ್ಲಿ ಇದು ತಕ್ಕಮಟ್ಟಿಗೆ ನಡೆಯುತ್ತದೆ. ಮಡಿಕೇರಿಯ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಇದ್ದದ್ದು ಇದ್ದ ಹಾಗೇ ಹಾಕಿಸಿದರೆ ನಡೆಯುವುದಿಲ್ಲ. ಐದಕ್ಕೆ ಎರಡೂವರೆ ಅಂಕ. ಮುಂದೆ ಹೇಳುವುದನ್ನು ಸೇರಿಸಿಕೊಂಡರೆ ನಾಲ್ಕು.

ಮೊದಲು ಲಾಕ್. 600 ಪೌಂಡ್ ಮ್ಯಾಗ್ನೆಟ್ ಅಂದರೆ ಸುಮಾರು 270 ಕಿಲೊ ಹಿಡಿತ. ಕರೆಂಟ್ ಇದ್ದಷ್ಟು ಹೊತ್ತು ಮಾತ್ರ ಹಿಡಿಯುತ್ತದೆ, ಹೋದರೆ ಬಾಗಿಲು ಬಿಡುತ್ತದೆ. ಇದು ದೋಷವಲ್ಲ, ಬೆಂಕಿ ಬಿದ್ದಾಗ ಮಕ್ಕಳು ಒಳಗೆ ಸಿಕ್ಕಿಕೊಳ್ಳಬಾರದೆಂದೇ ಹಾಗೆ ಮಾಡಿರುವುದು. ಆದರೆ ಲಾಕ್ ಅರ್ಧ ಆಂಪಿಯರ್ ಎಳೆಯುತ್ತದೆ. 7 ಎಎಚ್ ಬ್ಯಾಟರಿ ಲೆಕ್ಕದಲ್ಲಿ 14 ಗಂಟೆ; ತಂಬ್ ಮೆಷಿನ್ ಕೂಡ ಅದರ ಮೇಲೇ ಇದ್ದರೆ ಹೊಸದರಲ್ಲಿ ಎಂಟೊಂಬತ್ತು, ಎರಡು ವರ್ಷ ಕಳೆದರೆ ಅದರ ಅರ್ಧ. ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿರುವ ಊರಿಗೆ ಇದು ಯಾವ ಮೂಲೆಗೂ ಸಾಲದು. 26 ಎಎಚ್ ಬ್ಯಾಟರಿ ಕೇಳಿ, ಅದಕ್ಕೆ ಹೊಂದುವ ಚಾರ್ಜರ್ ಸಮೇತ; ಎರಡು ದಿನ ಪೂರ್ತಿ ಬಾರದಿದ್ದರೂ ಹೊಸದರಲ್ಲಿ ಒಂದು ದಿನ ದಾಟುತ್ತದೆ.

ಒಳಗಿನಿಂದ ಹೊರಬರುವ ಹಸಿರು ತುರ್ತು ಸ್ವಿಚ್ಚಿನ ವೈರಿಂಗ್‌ನಲ್ಲೇ ಹೆಚ್ಚು ತಪ್ಪಾಗುವುದು. ಅದು ಲಾಕಿನ ಕರೆಂಟನ್ನು ನೇರವಾಗಿ ಕತ್ತರಿಸಬೇಕು. ವೈರ್ ಉಳಿಸಲು ತಂಬ್ ಮೆಷಿನ್ ಮೂಲಕ ಕೊಟ್ಟರೆ, ಮೆಷಿನ್ ಹ್ಯಾಂಗ್ ಆದ ದಿನ ಬಾಗಿಲೂ ತೆರೆಯುವುದಿಲ್ಲ. ಇನ್ನೊಂದು, ಬಾಗಿಲಿನ ಮೇಲಿನ ಕಬ್ಬಿಣದ ಪಟ್ಟಿ ರಬ್ಬರ್ ವಾಷರ್ ಮೇಲೆ ಸ್ವಲ್ಪ ಅಲುಗಾಡುವಂತಿರಬೇಕು. ಅದನ್ನು ಬಿಗಿಯಾಗಿ ತಿರುಗಿಸಿ ಕೂರಿಸಿದರೆ, ಮಳೆಗೆ ಮರದ ಬಾಗಿಲು ಉಬ್ಬಿದಾಗ ಪಟ್ಟಿ ಮ್ಯಾಗ್ನೆಟ್‌ಗೆ ಸರಿಯಾಗಿ ಕೂರದೆ ಒಂದೇ ತಳ್ಳಿಗೆ ಬಿಡುತ್ತದೆ. ತುಕ್ಕು ಕಂಡರೆ ಬಟ್ಟೆಯಿಂದ ಒರೆಸಿ, ಸ್ಯಾಂಡ್‌ಪೇಪರ್ ಹಾಕಬೇಡಿ. ಮೇಲಿನ ಲೇಪ ಹೋದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ.

ಕ್ಯಾಮೆರಾ ಚಿತ್ರ ಹಗಲಲ್ಲಿ ಚೆನ್ನಾಗಿದೆ. ರಾತ್ರಿ ಮಂಜು ಇಳಿದರೆ ಪರದೆ ಪೂರ್ತಿ ಬಿಳಿ: ಲೆನ್ಸಿನ ಸುತ್ತಲೇ ಇರುವ ಇನ್ಫ್ರಾರೆಡ್ ಬೆಳಕು ಮಂಜಿನ ಹನಿಗೆ ತಾಗಿ ವಾಪಸ್ ಬರುತ್ತದೆ. ಕ್ಯಾಮೆರಾದ ಸುತ್ತ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ. ಲೆನ್ಸಿನ ಮುಂದೆ ಒಂದೆಳೆ ಬಲೆ ಇದ್ದರೂ ಹಗ್ಗ ಕಟ್ಟಿದ ಹಾಗೆ ಕಾಣುತ್ತದೆ. ಗೇಟಿನ ಕ್ಯಾಮೆರಾದ ಇನ್ಫ್ರಾರೆಡ್ ಆಫ್ ಮಾಡಿ, ಎರಡು ಮೂರು ಮೀಟರ್ ಪಕ್ಕಕ್ಕೆ ಒಂದು ಎಲ್‌ಇಡಿ ಲೈಟ್ ಹಾಕಿ. ಖರ್ಚು ಕಡಿಮೆ, ಗುಣ ಹೆಚ್ಚು. ತೋಟದ ಕಡೆ ನೋಡುವ ಕ್ಯಾಮೆರಾಕ್ಕೆ ಮೋಷನ್ ಅಲರ್ಟ್ ಬೇಡವೇ ಬೇಡ: ಗಾಳಿಗೆ ಸಿಲ್ವರ್ ಓಕ್ ತೂಗಿದ್ದಕ್ಕೆಲ್ಲ ವಾರ್ಡನ್ ಫೋನ್ ಬಡಿದುಕೊಳ್ಳುತ್ತದೆ, ಮೂರನೇ ರಾತ್ರಿಗೆ ಅವರು ಸೈಲೆಂಟ್ ಮಾಡುತ್ತಾರೆ.

ಡಿಸ್ಕ್ ವಿಷಯದಲ್ಲಿ ಡೀಲರ್ ಲೆಕ್ಕ ನಂಬಬೇಡಿ. ಒಂದು ಕ್ಯಾಮೆರಾಕ್ಕೆ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಇಟ್ಟರೆ ಎಂಟಕ್ಕೆ ದಿನಕ್ಕೆ ಸುಮಾರು 173 ಜಿಬಿ. 1 ಟಿಬಿ ಆರು ದಿನಕ್ಕೂ ಬರುವುದಿಲ್ಲ. ಹುತ್ತರಿ ರಜೆ ಮುಗಿಸಿ ಬಂದ ಹುಡುಗಿ ಲ್ಯಾಪ್‌ಟಾಪ್ ಕಾಣುತ್ತಿಲ್ಲ ಅನ್ನುವ ಹೊತ್ತಿಗೆ ರೆಕಾರ್ಡಿಂಗ್ ಅಳಿಸಿಹೋಗಿರುತ್ತದೆ. ಒಂದು ತಿಂಗಳ ರೆಕಾರ್ಡಿಂಗ್ ಉಳಿಯಲು 6 ಟಿಬಿ ಬೇಕು. ಕ್ಯಾಮೆರಾ ಎಲ್ಲೇ ಹಾಕಿ, ಬಚ್ಚಲು ಮತ್ತು ರೂಮಿನ ಒಳಭಾಗ ಫ್ರೇಮಿಗೆ ಬರಲೇಬಾರದು.

ತಂಬ್ ಮೆಷಿನ್ ಒದ್ದೆ ಬೆರಳನ್ನು ಒಪ್ಪುವುದಿಲ್ಲ. ಚಳಿಗೆ ಸುಕ್ಕಾದ ಬೆರಳನ್ನಂತೂ ಕೇಳಲೇಬೇಡಿ. ಸಂಜೆ ಕೊಡೆ ಮಡಚುತ್ತಾ ಗೇಟಿನಲ್ಲಿ ಸಾಲು ನಿಲ್ಲಬೇಕಾಗುತ್ತದೆ. ಎರಡೂ ಕೈಯ ಒಂದೊಂದು ಬೆರಳು ಸೇರಿಸಿ, ಜೊತೆಗೆ ಕಾರ್ಡ್ ಕೊಡಿ. 125 ಕಿಲೊಹರ್ಟ್ಸ್ ಕಾರ್ಡ್ ಬೇಡ, ಅದರ ನಕಲು ಸುಲಭ. ಎನ್‌ಕ್ರಿಪ್ಷನ್ ಇರುವ 13.56 ಮೆಗಾಹರ್ಟ್ಸ್ ಕಾರ್ಡ್ ಕೇಳಿ. ಪಕ್ಕದ ಗೋಡೆಗೆ 112 ಮತ್ತು ರ‍್ಯಾಗಿಂಗ್ ದೂರಿನ 1800-180-5522 ಬರೆಸಿ, ಅದಕ್ಕೆ ಪೇಂಟ್ ಸಾಕು.

ಪೂರ್ತಿ ಹಣ ಕೊಡುವ ಮುಂಚೆ ಸಂಜೆ ಮೇನ್ ಸ್ವಿಚ್ ಆಫ್ ಮಾಡಿಸಿ, ಗಡಿಯಾರ ನೋಡಿಕೊಳ್ಳಿ. ಮರುದಿನ ಬೆಳಿಗ್ಗೆ ಆರಕ್ಕೂ ಬಾಗಿಲು ಹಿಡಿದಿರಬೇಕು, ಹಸಿರು ಸ್ವಿಚ್ ಒತ್ತಿದ ತಕ್ಷಣ ಬಿಡಬೇಕು. ಆಮೇಲೆ ಚೆಕ್ ಬರೆಯಿರಿ.