‘ರನ್ನಿಂಗ್ ರೀಫ್ ಟ್ಯಾಂಕ್, ಅರ್ಜೆಂಟ್ ಸೇಲ್’ ನೋಡಿ ಅಡ್ವಾನ್ಸ್ ಹಾಕುವ ಮೊದಲು ಇದನ್ನು ಓದಿ

ರೀಫ್ ಟ್ಯಾಂಕ್ ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ. ಅಂಥದ್ದನ್ನು ಮಾರುತ್ತೇನೆ ಅಂತ ನನಗೆ ಮೋಸ ಮಾಡಿದವನ ಜಾಹೀರಾತು ನಿನ್ನೆ ರಾತ್ರಿ ಮತ್ತೆ ಬಂದಿದೆ. ಅದೇ ವಿಡಿಯೊ. ಮೂರಡಿ ಟ್ಯಾಂಕ್, ನೀಲಿ ಲೈಟು, ನೇರಳೆ ಹಿಡಿದ ಕಲ್ಲುಗಳು, ಎರಡು ಕ್ಲೌನ್ ಮೀನು. ಕೆಳಗೆ ಅದೇ ಒಕ್ಕಣೆ, ಊರು ಬಿಡುತ್ತಿದ್ದೇನೆ, ಪ್ರೀತಿಯಿಂದ ಸಾಕಿದ್ದು, ಒಳ್ಳೆಯ ಕೈ ಸೇರಿದರೆ ಸಾಕು. ನನಗೆ 38,000 ಹೇಳಿದ್ದ. ಈಗ 42,000 ಹಾಕಿದ್ದಾನೆ. ಐದು ತಿಂಗಳಿಂದ ನಾಚಿಕೆಗೆ, ಅದಕ್ಕಿಂತ ಹೆಚ್ಚಾಗಿ ಹೆದರಿಕೆಗೆ, ಬಾಯಿ ಮುಚ್ಚಿಕೊಂಡಿದ್ದೆ. ಹೆದರಿಕೆ ಯಾಕೆ ಅಂತ ಮುಂದೆ ಹೇಳುತ್ತೇನೆ. ದಯವಿಟ್ಟು ಅಲ್ಲಿಯವರೆಗೆ ಓದಿ, ಯಾಕೆಂದರೆ ದುಡ್ಡು ಹೋಗಿದ್ದಲ್ಲ ಇಲ್ಲಿ ದೊಡ್ಡ ವಿಷಯ.

ಮಗಳನ್ನು ಕರೆದುಕೊಂಡು ಮುರುಡೇಶ್ವರಕ್ಕೆ ಹೋದಾಗ ನೇತ್ರಾಣಿ ದ್ವೀಪದ ಹತ್ತಿರ ಹವಳ ನೋಡಲು ನೀರಿಗಿಳಿದಿದ್ದೆವು. ಅವತ್ತಿನಿಂದ ತಲೆಗೆ ಹತ್ತಿದ ಹುಚ್ಚು ಇದು. ಸಿಹಿನೀರಿನ ಟ್ಯಾಂಕ್ ಎಂಟು ವರ್ಷದಿಂದ ಇಟ್ಟಿದ್ದೇನೆ, ಏನೂ ಗೊತ್ತಿಲ್ಲದವನಲ್ಲ. ಉಪ್ಪುನೀರಿನದ್ದು ಹೊಸದಾಗಿ ಕಟ್ಟಿದರೆ ಲೈಟು, ಸ್ಕಿಮ್ಮರ್ (ನೀರಿನ ಕೊಳೆ ತೆಗೆಯುವ ಯಂತ್ರ), ವೇವ್‌ಮೇಕರ್ (ಅಲೆ ಎಬ್ಬಿಸುವ ಪಂಪ್), ಸಂಪ್ (ಟ್ಯಾಂಕಿನ ಕೆಳಗಿಡುವ ಫಿಲ್ಟರ್ ತೊಟ್ಟಿ) ಎಲ್ಲ ಸೇರಿ ಲಕ್ಷದ ಹತ್ತಿರ ಹೋಗುತ್ತಿತ್ತು. ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕಿದೆ. ಅದು ತಪ್ಪಲ್ಲ, ಎಲ್ಲರೂ ಹಾಗೇ ಶುರು ಮಾಡುವುದು.

ಅವನ ಮನೆಗೆ ಹೋಗಿ ನೋಡಿಯೇ ಅಡ್ವಾನ್ಸ್ ಕೊಟ್ಟೆ. ಟ್ಯಾಂಕ್ ನಿಜವಾಗಿಯೂ ಓಡುತ್ತಿತ್ತು. ಎಡಗಡೆ ಕೆಳಮೂಲೆಯ ಗಾಜಿನಲ್ಲಿ ಬೆರಳುದ್ದದ ಒಂದು ಗೀರು ಇತ್ತು. ಅದನ್ನು ತೋರಿಸಿ ಚೌಕಾಸಿ ಮಾಡಿದೆ, ಎರಡು ಸಾವಿರ ಇಳಿಸಿ 36,000ಕ್ಕೆ ಒಪ್ಪಿದ. ‘ಸಾರ್, ನಿಮಗೆ ಗೊತ್ತಿದೆ ವಿಷಯ, ನಿಮ್ಮ ಹತ್ರ ಏನೂ ಮುಚ್ಚಿಡೋಕಾಗಲ್ಲ’ ಅಂದ. ಆ ಮಾತಿಗೆ ಉಬ್ಬಿದೆ. ಸಮುದ್ರದ ನೀರು ತಯಾರಿಸುವ ಉಪ್ಪು 25 ಕೆಜಿ ಚೀಲ 3,500, ‘ಇಂಪೋರ್ಟೆಡ್ ಸಾರ್, ಬಕೆಟ್ ಒಡೆದಿತ್ತು ಅಂತ ಚೀಲಕ್ಕೆ ಹಾಕಿದೀನಿ’. ಆರು ಕ್ಯಾನ್ ‘ಸೈಕಲ್ ಆದ ನೀರು’, ಅಂದರೆ ಬೇಕಾದ ಬ್ಯಾಕ್ಟೀರಿಯಾ ಆಗಲೇ ನೆಲೆಯೂರಿದ ನೀರಂತೆ, 1,200. ಮೂರು ಕೋರಲ್ (ಹವಳ) ಫ್ರೀ.

ಭಾನುವಾರ ಟಾಟಾ ಏಸ್ ಬಂತು. ಟ್ಯಾಂಕ್ ಇಳಿಸಿದರು, ಗಾಜು ಫಳಫಳ ಹೊಳೆಯುತ್ತಿತ್ತು, ಒಂದು ಗೀರಿಲ್ಲ. ನಾನು ಅದನ್ನು ನೋಡಿದೆ. ನೋಡಿ, ಪಾಲಿಶ್ ಮಾಡಿಸಿ ಕಳಿಸಿದ್ದಾನೆ ಅಂದುಕೊಂಡು ಖುಷಿಪಟ್ಟೆ. ಬೇರೆ ಟ್ಯಾಂಕ್ ಅಂತ ಹೊಳೆಯಲಿಲ್ಲ. ಅವನು ತೋರಿಸಿದ ಟ್ಯಾಂಕ್ ಮಾರಾಟಕ್ಕೆ ಇದ್ದದ್ದೇ ಅಲ್ಲ, ಅದು ತೋರಿಸುವುದಕ್ಕೆ ಇಟ್ಟಿದ್ದು.

ಕಲ್ಲು ಬಂದದ್ದು ಗೋಣಿಚೀಲದಲ್ಲಿ. ಲೈವ್ ರಾಕ್ ಹೇಗೆ ಸಾಗಿಸುತ್ತಾರೆ ಅಂತ ಈ ಹವ್ಯಾಸದವರಿಗೆ ಗೊತ್ತು, ಒದ್ದೆ ಪೇಪರ್ ಸುತ್ತಿ ಥರ್ಮೋಕೋಲ್ ಡಬ್ಬಿಯಲ್ಲಿ, ಇಲ್ಲ ಡ್ರಮ್ಮಿನ ನೀರಿನಲ್ಲೇ. ಅದರ ಬೆಲೆಯೆಲ್ಲ ಇರುವುದು ಕಲ್ಲಿನ ರಂಧ್ರಗಳಲ್ಲಿದ್ದು ನೀರಿನ ವಿಷ ಕಳೆಯುವ ಬ್ಯಾಕ್ಟೀರಿಯಾದಲ್ಲಿ. ಒಣಗಿತು ಅಂದರೆ ಅದು ಬರೀ ಕಲ್ಲು. ಚೀಲದ ಬಾಯಲ್ಲಿ ನೇರಳೆ ಬಣ್ಣದ ಒದ್ದೆ ಕಲ್ಲು ಎರಡು ಇಟ್ಟಿದ್ದ, ಟೊಮೇಟೊ ಬುಟ್ಟಿಯ ಮೇಲ್ಸಾಲಿನ ಹಾಗೆ. ಕೆಳಗೆಲ್ಲ ಬಿಳಿ. ತಾರಸಿಯ ಮೇಲೆ ತಿಂಗಳುಗಟ್ಟಲೆ ಬಿಸಿಲಿಗೆ ಬಿದ್ದಿದ್ದ ಹಾಗೆ ಒಣಗಿ ಹಗುರಾಗಿತ್ತು. ಫೋನ್ ಮಾಡಿದರೆ, ‘ಗಾಡೀಲಿ ಗಾಳಿಗೆ ಒಣಗಿದೆ ಸಾರ್, ನೀರಿಗೆ ಹಾಕಿ, ಎರಡೇ ದಿನದಲ್ಲಿ ಜೀವ ಬರತ್ತೆ.’ ಒಂದು ಗಂಟೆಯ ದಾರಿಯಲ್ಲಿ ಕಲ್ಲು ಹಾಗೆ ಒಣಗುತ್ತದೆಯೇ? ಒಣಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಸುಮ್ಮನಾದೆ. ಆಳುಗಳು ಬಾಕಿ ದುಡ್ಡಿಗೆ ಬಾಗಿಲಲ್ಲಿ ನಿಂತಿದ್ದರು, ಮಗಳು ಮೀನಿನ ಕವರ್ ಹಿಡಿದುಕೊಂಡು ಕುಣಿಯುತ್ತಿದ್ದಳು. ಕಳಿಸಿಬಿಟ್ಟೆ ದುಡ್ಡು.

ನೀರಿನಲ್ಲಿ ನಾನು ಕಂಜೂಸಿ ಮಾಡಿರಲಿಲ್ಲ. ನಮ್ಮ ಬೋರ್ ನೀರಿನ ಟಿಡಿಎಸ್ (ಕರಗಿದ ಲವಣಾಂಶ) 800 ದಾಟುತ್ತದೆ. ಅಡುಗೆಮನೆಯ ಆರ್‌ಒಗೆ, ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ಜೋಡಿಸಿ, ಮೀಟರ್ ಸೊನ್ನೆ ತೋರಿಸುವವರೆಗೆ ಬಿಟ್ಟು, ಐದು ದಿನ ಕೂತು 170 ಲೀಟರ್ ಹಿಡಿದಿದ್ದೆ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಉಪ್ಪು ಬೆರೆಸಿ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ 1.025, ಅಂದರೆ ಸಮುದ್ರದ ನೀರಿನಷ್ಟೇ, ನೋಡಿಯೇ ತುಂಬಿಸಿದೆ. ಅಷ್ಟು ಶ್ರದ್ಧೆಯಿಂದ ಮಾಡಿದ್ದು.

ಎರಡನೇ ದಿನಕ್ಕೆ, ಫ್ರೀ ಕೊಟ್ಟಿದ್ದರಲ್ಲಿ ಒಂದಾದ ಟಾರ್ಚ್ ಕೋರಲ್ ಮುದುಡಿತು. ಮೂರನೇ ದಿನ ಅಮೋನಿಯಾ ಟೆಸ್ಟ್ ಹಸಿರಿಗೆ ತಿರುಗಿತು, ಅಂದರೆ ಮೀನಿಗೆ ವಿಷವಾದ ಅಮೋನಿಯಾ ನೀರಲ್ಲಿ ಏರಿದೆ. ‘ಸೈಕಲ್ ಆದ ನೀರು’ ಅಂತ ಒಂದು ವಸ್ತುವೇ ಇಲ್ಲ, ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಹೆಚ್ಚೂಕಡಿಮೆ ಎಲ್ಲ ಕಲ್ಲು, ಮರಳಿಗೆ ಅಂಟಿಕೊಂಡಿರುತ್ತದೆ, ನೀರಲ್ಲಿ ಅಲ್ಲ. ಅವನ ಮನೆಯ ಕೊಳೆ ನೀರಿಗೆ 1,200 ಕೊಟ್ಟಿದ್ದೆ ನಾನು. ಫೋನ್ ಮಾಡಿದೆ. ‘ನೀರು ಬದಲಾಯಿಸಿ ಸಾರ್, 30 ಪರ್ಸೆಂಟ್.’ ಬದಲಾಯಿಸಿದೆ. ಅದೇ ಚೀಲದ ಉಪ್ಪು ಹಾಕಿ. ಐದನೇ ದಿನ ಒಂದು ಕ್ಲೌನ್ ಮೇಲೆ ಬಂದು ಬಾಯಿ ಬಿಡುತ್ತಾ ಸತ್ತಿತು. ‘ಇನ್ನೊಂದ್ಸಲ ಬದಲಾಯಿಸಿ ಸಾರ್.’ ಮತ್ತೆ ಬದಲಾಯಿಸಿದೆ. ಮತ್ತೆ ಅದೇ ಉಪ್ಪು. ಎಂಟನೇ ದಿನ ಇನ್ನೊಂದು ಹೋಯಿತು. ಟಾರ್ಚ್ ಕಂದು ಲೋಳೆಯಾಗಿ ಕರಗಿ ಬರೀ ಎಲುಬು ಉಳಿಯಿತು. ಮಗಳು ಸ್ಕೂಲಿಂದ ಬಂದವಳು ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತಳು. ‘ಅಪ್ಪಾ, ಎಲ್ಲಾ ಸತ್ತೋಯ್ತಾ?’

ಅವತ್ತು ರಾತ್ರಿ ಮೂರನೇ ಸಲದ ನೀರಿಗೆ ಉಪ್ಪು ಅಳೆಯುತ್ತಿದ್ದೆ. ನನ್ನ ಹೆಂಡತಿ ಬಂದು ಚೀಲಕ್ಕೆ ಕೈ ಹಾಕಿದಳು. ಬೆರಳಲ್ಲಿ ಉಜ್ಜಿದಳು. ‘ರೀ, ಇದು ಉಪ್ಪಿನಕಾಯಿಗೆ ಹಾಕೋ ಕಲ್ಲುಪ್ಪು. ಮಿಕ್ಸೀಲಿ ತಿರುವಿದಾರೆ ಅಷ್ಟೆ.’

ನಾನು ಅವಳ ಮೇಲೆ ರೇಗಿದೆ. ರೇಗಿದೆ, ಯಾಕೆಂದರೆ ಆ ಕ್ಷಣದಲ್ಲೇ ಗೊತ್ತಾಗಿಹೋಗಿತ್ತು. ಕಾಳು ಒಂದೊಂದು ಒಂದೊಂದು ಗಾತ್ರ. ಕೈಗೆ ತೇವ. ಬಕೆಟ್ ತಳದಲ್ಲಿ ಪ್ರತಿ ಸಲ ಕಪ್ಪು ಮರಳು ಉಳಿಯುತ್ತಿತ್ತು, ಅದನ್ನೂ ನೋಡಿದ್ದೆ. ಟೆಸ್ಟ್ ಕಿಟ್ ತಂದು ಹೊಸ ಬಕೆಟ್ ನೀರನ್ನೇ ಪರೀಕ್ಷೆ ಮಾಡಿದೆ. ಹವಳಕ್ಕೆ ಬೇಕಾದ ಕ್ಯಾಲ್ಸಿಯಂ ಕಲ್ಲುಪ್ಪಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕ್ಯಾಲ್ಸಿಯಂ ಕಿಟ್‌ನಲ್ಲಿ ಒಂದು ಹನಿ ಅಂದರೆ ಲೀಟರಿಗೆ 20 ಮಿಲಿಗ್ರಾಂ ಲೆಕ್ಕ. ಸಮುದ್ರದ ನೀರಿನಲ್ಲಿ 410ರ ಆಸುಪಾಸು ಇರುತ್ತದೆ, ಅಂದರೆ ಗುಲಾಬಿ ಬಣ್ಣ ನೀಲಿಗೆ ತಿರುಗಲು ಇಪ್ಪತ್ತು ಹನಿ ಬೇಕು. ಮೂರನೇ ಹನಿಗೆ ನೀಲಿ. ಕೆಎಚ್ (ನೀರಿನ ಕ್ಷಾರತೆ) ಟೆಸ್ಟ್‌ನಲ್ಲಿ ಏಳೆಂಟು ಹನಿ ಬೇಕಾದ ಕಡೆ ಮೊದಲ ಹನಿಗೇ ಹಳದಿ. ಟ್ಯೂಬನ್ನು ಟ್ಯೂಬ್‌ಲೈಟಿಗೆ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ರಿಫ್ರಾಕ್ಟೋಮೀಟರ್ ನೀರಿನಲ್ಲಿ ಎಷ್ಟು ಉಪ್ಪಿದೆ ಅಂತ ಹೇಳುತ್ತದೆ, ಯಾವ ಉಪ್ಪು ಅಂತ ಹೇಳುವುದಿಲ್ಲ. 1.025 ನೋಡಿ ನೋಡಿ ನಾನು ಎಂಟು ದಿನ ಸಮಾಧಾನ ಪಟ್ಟುಕೊಂಡಿದ್ದೆ.

ಬೆಳಗ್ಗೆ ಫೋಟೊ ಕಳಿಸಿದೆ. ಅವನ ಉತ್ತರಗಳನ್ನು ಹಾಗೇ ಹಾಕುತ್ತೇನೆ.

‘ನಿಮ್ಮ ಕಿಟ್ ಎಕ್ಸ್‌ಪೈರಿ ಆಗಿರಬೇಕು ಸಾರ್.’

ಕಿಟ್ ಹೊಸದು ಅಂದೆ.

‘ಸಮುದ್ರದಲ್ಲಿ ಇರೋದೂ ಉಪ್ಪೇ ತಾನೆ ಸಾರ್.’

ದುಡ್ಡು ವಾಪಸ್ ಕೊಡು, ಕನ್ಸ್ಯೂಮರ್ ಕೋರ್ಟಿಗೆ ಹೋಗುತ್ತೇನೆ, ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ ಅಂದೆ. ಹತ್ತು ನಿಮಿಷ ಉತ್ತರ ಇಲ್ಲ. ಆಮೇಲೆ ಒಂದು ಸ್ಕ್ರೀನ್‌ಶಾಟ್ ಬಂತು. ನನ್ನದೇ ಮೆಸೇಜ್. ಟ್ಯಾಂಕ್ ಬಂದ ದಿನ ‘ಕೋರಲ್ ಫೋಟೊ ಕಳಿಸಿ ಸಾರ್, ಒಂದೆರಡು ಲೈನ್ ಫೀಡ್‌ಬ್ಯಾಕ್ ಬರೀರಿ’ ಅಂದಿದ್ದ. ನಾನು ಟಾರ್ಚ್ ಪಕ್ಕ ಮಗಳನ್ನು ನಿಲ್ಲಿಸಿ ಫೋಟೊ ತೆಗೆದು, ‘ಕೋರಲ್ ತುಂಬಾ ಚೆನ್ನಾಗಿದೆ, ಥ್ಯಾಂಕ್ಸ್’ ಅಂತ ಬರೆದಿದ್ದೆ. ಅದರ ಕೆಳಗೆ ಅವನು ಬರೆದಿದ್ದು:

‘ಶೆಡ್ಯೂಲ್ ಒನ್ ಸಾರ್. ನಿಮ್ಮ ಮನೇಲಿದೆ. ಕಂಪ್ಲೇಂಟ್ ಕೊಡಿ.’

ಅಷ್ಟೇ. ಬೈಗುಳ ಇಲ್ಲ, ಜೋರು ಮಾತಿಲ್ಲ. ಕೈಕಾಲು ತಣ್ಣಗಾಯಿತು ನನಗೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ (ಶೆಡ್ಯೂಲ್ ಒನ್), ಹುಲಿ ಆನೆಗಳಿರುವ ಅದೇ ಪಟ್ಟಿಯಲ್ಲಿ, ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳೂ 2001ರಿಂದ ಇವೆ. ಟಾರ್ಚ್ ಕೂಡ ಅಂಥದ್ದೇ. ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿಡುವುದು ಎಲ್ಲ ಅಪರಾಧ. ಸತ್ತ ಎಲುಬಾದರೂ ಅಪರಾಧವೇ. ನಾನು ಲೈವ್ ರಾಕ್ ಅಂದುಕೊಂಡಿದ್ದ ಬಿಳಿ ಕಲ್ಲುಗಳನ್ನು ಅವತ್ತು ಹೊರಗೆ ತೆಗೆದು ಬ್ರಷ್ ಹಾಕಿ ಉಜ್ಜಿ ಬಿಸಿಲಿಗೆ ಹಿಡಿದು ನೋಡಿದೆ. ಮೈತುಂಬ ಸಾಸಿವೆ ಗಾತ್ರದ ಗುಳಿಗಳು, ಪ್ರತಿ ಗುಳಿಯೊಳಗೆ ನಡುವಿನ ಕಡೆಗೆ ಹಾಯ್ದ ಸಣ್ಣ ಸಣ್ಣ ಗೋಡೆಗಳು, ನಕ್ಷತ್ರದ ಹಾಗೆ. ಒಂದೊಂದು ಗುಳಿಯೂ ಒಂದೊಂದು ಹವಳದ ಹುಳು ಬದುಕಿದ್ದ ಮನೆ. ಮುರಿದ ಕಡೆ ಸುತ್ತಿಗೆಯ ಏಟು ಕಾಣುತ್ತಿತ್ತು. ನೇತ್ರಾಣಿಯಲ್ಲಿ ಮಗಳಿಗೆ, ಮುಟ್ಟಬೇಡ ಪುಟ್ಟಾ, ಇದು ಬೆಳೆಯೋಕೆ ನೂರಾರು ವರ್ಷ ಬೇಕು ಅಂದವನು ನಾನು. ಮೂವತ್ತು ಕೆಜಿ ದುಡ್ಡು ಕೊಟ್ಟು ಮನೆಗೆ ತಂದಿದ್ದೆ.

ಇದೇ ಅವನ ವ್ಯಾಪಾರದ ಗುಟ್ಟು. ಫ್ರೀ ಕೋರಲ್ ನಿಮ್ಮ ಮೇಲಿನ ಪ್ರೀತಿಗಲ್ಲ. ನಾಳೆ ನೀವು ಬಾಯಿ ತೆರೆಯಬಾರದು ಅಂತ. ನನ್ನಂಥವರು ಎಷ್ಟು ಜನ ಸುಮ್ಮನೆ ಕೂತಿದ್ದಾರೋ.

ನಾನು ಮೂರು ತಿಂಗಳು ನಿದ್ದೆ ಸರಿಯಾಗಿ ಮಾಡಲಿಲ್ಲ. ಕೊನೆಗೆ ಪರಿಚಯದ ವಕೀಲರನ್ನು ಕಂಡು, ನಡೆದದ್ದೆಲ್ಲ ಬರೆದು, ಕಲ್ಲು, ಕೋರಲ್ ಎಲುಬು, ಚಾಟ್ ಎಲ್ಲ ಅರಣ್ಯ ಇಲಾಖೆಯ ಕಚೇರಿಗೆ ಒಪ್ಪಿಸಿದೆ. ಹೇಳಿಕೆ ತೆಗೆದುಕೊಂಡಿದ್ದಾರೆ, ಕರೆದಾಗ ಬರಬೇಕು ಅಂದಿದ್ದಾರೆ. ಹೋಗುತ್ತೇನೆ. ಏನೇ ಆಗಲಿ, ಅವನ ಆ ಒಂದು ಸಾಲಿಗೆ ಹೆದರಿ ಬದುಕುವುದಕ್ಕಿಂತ ಇದು ವಾಸಿ. ನಿಮ್ಮ ಹತ್ತಿರ ಇದೇ ತರಹದ ಕಲ್ಲಿದ್ದರೆ ಮೊದಲು ವಕೀಲರ ಹತ್ತಿರ ಮಾತಾಡಿ, ಕದ್ದು ಎಲ್ಲಾದರೂ ಎಸೆಯಬೇಡಿ, ಇನ್ನೊಬ್ಬರಿಗೆ ದಾಟಿಸಲೂ ಬೇಡಿ.

ಬಜೆಟ್‌ನಲ್ಲಿ ಮಾಡಲೇಬೇಕು ಅನ್ನುವವರು ಗಾಜಿನಲ್ಲಿ ಉಳಿಸಿ, ಸ್ಟ್ಯಾಂಡಿನಲ್ಲಿ ಉಳಿಸಿ, ಹಳೇ ಟ್ಯಾಂಕನ್ನೇ ಸಂಪ್ ಮಾಡಿ. ಉಪ್ಪಿನಲ್ಲಿ ಒಂದು ರೂಪಾಯಿ ಉಳಿಸಬೇಡಿ. ಸೀಲ್ ಒಡೆದ ಚೀಲ ಯಾರು ಎಷ್ಟೇ ಆಣೆ ಇಟ್ಟು ಕೊಟ್ಟರೂ ಬೇಡ. ಒಂದು ಲೀಟರ್ ಆರ್‌ಒ ನೀರಿಗೆ 35 ಗ್ರಾಂ ಬೆರೆಸಿ ಕೆಎಚ್ ನೋಡಿ, ಐದು ನಿಮಿಷದ ಕೆಲಸ, ನಾನು ಮಾಡಲಿಲ್ಲ. ಕಲ್ಲಿಗೆ ಸೆರಾಮಿಕ್ ಅಥವಾ ಸಿಮೆಂಟಿನಲ್ಲಿ ಮಾಡಿದ್ದು ಸಿಗುತ್ತದೆ, ನಾಲ್ಕರಿಂದ ಆರು ವಾರ ಮೀನಿಲ್ಲದೆ ಸೈಕಲ್ ಮಾಡಿ. ಗಟ್ಟಿ ಹವಳ ಬೇಡವೇ ಬೇಡ, ಫ್ರೀ ಆದರೂ ಬೇಡ, ಫ್ರೀ ಅಂದರೆ ಇನ್ನೂ ಬೇಡ.

ಆ ಜಾಹೀರಾತಿನ ವಿಡಿಯೊದಲ್ಲಿ ಎಡಗಡೆ ಕೆಳಮೂಲೆ ನೋಡಿ, ಹನ್ನೆರಡನೇ ಸೆಕೆಂಡಿನ ಹತ್ತಿರ ಲೈಟು ಬಿದ್ದಾಗ ಗೀರು ಕಾಣುತ್ತದೆ. ಅಡ್ವಾನ್ಸ್ ಹಾಕಿದ್ದರೆ ಬಾಕಿ ದುಡ್ಡು ತಡೆಹಿಡಿಯಿರಿ. ಗಾಡಿಯಿಂದ ಇಳಿಯುವ ಟ್ಯಾಂಕ್‌ನಲ್ಲಿ ಆ ಗೀರು ಇಲ್ಲದಿದ್ದರೆ ಇಳಿಸಿಕೊಳ್ಳಲೇಬೇಡಿ.