ಆರು ವರ್ಷ ಗಿಂಪ್ ಬಳಸಿದ ಮೇಲೆ: ಐದು ಮುಖ ಸೇರಿಸಿ ಒಂದು ಮುಖ

2019ರಿಂದ ಗಿಂಪ್ ಬಳಸುತ್ತಿದ್ದೇನೆ, ಫೋಟೋ ತಿದ್ದುವ ಸಾಫ್ಟ್‌ವೇರ್ ಅದು. ದುಡ್ಡು ಕೊಡಬೇಕಾಗಿಲ್ಲ, ನನ್ನ 8 ಜಿಬಿ ಲ್ಯಾಪ್‌ಟಾಪ್‌ನಲ್ಲೂ ಆರಾಮಾಗಿ ಓಡುತ್ತದೆ. ಹಳೇ ಫೋಟೋದ ಗೀರು ತೆಗೆಯುವುದು, ಬ್ಯಾಕ್‌ಗ್ರೌಂಡ್ ಬದಲಾಯಿಸುವುದು ಎಲ್ಲ ಮಾಡಿದ್ದೇನೆ, ಅದಿರಲಿ. ಇಲ್ಲಿ ಬರೆಯುತ್ತಿರುವುದು ಒಂದೇ ಕೆಲಸದ ಬಗ್ಗೆ: ಹಲವರ ಮುಖಗಳನ್ನು ಒಂದರ ಮೇಲೊಂದು ಕೂರಿಸಿ ಒಂದೇ ಮುಖ ಮಾಡುವುದು. ನಮ್ಮಮ್ಮ, ಅವರ ನಾಲ್ಕು ಜನ ಅಕ್ಕತಂಗಿಯರು, ಒಟ್ಟು ಐದು ಮುಖ.

ಮೊದಲ ಸಲ ಕೆಟ್ಟಿತು. ಐದು ಜನ, ತಲಾ 20 ಅಂತ ಎಲ್ಲ ಲೇಯರ್‌ಗೂ (ಒಂದೊಂದು ಫೋಟೋ ಒಂದೊಂದು ಪದರ) ಒಪಾಸಿಟಿ, ಅಂದರೆ ಕೆಳಗಿನದನ್ನು ಎಷ್ಟು ಮುಚ್ಚಬೇಕು ಅನ್ನುವುದು, ಶೇಕಡಾ 20 ಇಟ್ಟೆ. ಲೆಕ್ಕ ಹಾಗಲ್ಲ. ಮೇಲಿನ ಲೇಯರ್ ತನ್ನ ಪಾಲು ತೆಗೆದುಕೊಂಡು ಬಿಟ್ಟದ್ದರಲ್ಲಿ ಕೆಳಗಿನದಕ್ಕೆ ಪಾಲು. ಆದ್ದರಿಂದ ತೀರಾ ಕೆಳಗಿನದು 100, ಅದರ ಮೇಲೆ 50, ಆಮೇಲೆ 33.3, 25, ಮೇಲಿನದು 20. ಆಗ ಐವರದೂ ಸರಿಸಮ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1878ರಲ್ಲಿ ಇದನ್ನೇ ಫೋಟೋ ಪ್ಲೇಟಿನ ಮೇಲೆ ಮಾಡಿ ತೋರಿಸಿದ್ದರು. 80 ಸೆಕೆಂಡ್ ಬೆಳಕು ಬೇಕಾದ ಪ್ಲೇಟಿಗೆ ಎಂಟು ಜನರ ಚಿತ್ರ, ಒಂದೊಂದಕ್ಕೆ 10 ಸೆಕೆಂಡ್. ಅಪರಾಧಿಗಳ ಮುಖ ಹೀಗಿರುತ್ತದೆ ಅಂತ ಹುಡುಕಲು ಹೊರಟಿದ್ದರು. ಆದರೆ ಎಲ್ಲ ಬೆರೆತಾಗ ಆ ಕೇಡಿನ ಕಳೆಯೇ ಮಾಯವಾಗಿತ್ತು.

ಅರ್ಧಕ್ಕಿಂತ ಜಾಸ್ತಿ ಕೆಲಸ ಕ್ಯಾಮೆರಾದಲ್ಲೇ ಮುಗಿಯಬೇಕು. ಆಲ್ಬಮ್‌ನ ಫೋಟೋ ಸ್ಕ್ಯಾನ್ ಮಾಡಿ ನೋಡಿದ್ದೆ, ಒಬ್ಬರ ತಲೆ ವಾಲಿದೆ, ಇನ್ನೊಬ್ಬರು ನಗುತ್ತಿದ್ದಾರೆ, ಬೆಳಕು ಒಂದೊಂದರಲ್ಲಿ ಒಂದೊಂದು ಕಡೆಯಿಂದ, ಕೊನೆಗೆ ಸುಮ್ನೆ ಮಂಜು ಮಂಜು. ಗೌರಿ ಹಬ್ಬಕ್ಕೆ ಎಲ್ಲರೂ ತವರಿಗೆ ಬಂದಾಗ ಕಿಟಕಿ ಪಕ್ಕ ಒಂದು ಸ್ಟೂಲ್ ಹಾಕಿದೆ. 50 ಎಂಎಂ ಲೆನ್ಸ್, ಎರಡು ಮೀಟರ್ ದೂರ, ಟ್ರೈಪಾಡ್ ಅವರವರ ಕಣ್ಣಿನ ಎತ್ತರಕ್ಕೆ. ಕನ್ನಡಕ ತೆಗೆಸಿದೆ. ನಗಬೇಡಿ ಅಂದೆ, ಅದೇ ಕಷ್ಟವಾಯಿತು.

ಗಿಂಪ್‌ನಲ್ಲಿ ರೂಲರ್‌ನಿಂದ ಗೈಡ್ ಎಳೆದು ಕಣ್ಣಿಗೆ ಒಂದು ಅಡ್ಡಗೆರೆ, ಎರಡು ಕಣ್ಣುಗುಡ್ಡೆಗೆ ಎರಡು ಉದ್ದಗೆರೆ ಇಡಿ. ಯೂನಿಫೈಡ್ ಟ್ರಾನ್ಸ್‌ಫಾರ್ಮ್ ಟೂಲ್‌ನಲ್ಲಿ ತಿರುಗಿಸುವುದು, ಹಿಗ್ಗಿಸುವುದು, ಸರಿಸುವುದು ಒಟ್ಟಿಗೇ ಆಗುತ್ತದೆ, ನನಗೆ ಇದರಷ್ಟು ಇಷ್ಟವಾದ ಟೂಲ್ ಇನ್ನೊಂದಿಲ್ಲ. ಕಣ್ಣು ಕೂತರೂ ಬಾಯಿ ಕೂರುವುದಿಲ್ಲ, ಎಲ್ಲರ ಮುಖದ ಉದ್ದ ಒಂದೇ ಅಲ್ಲವಲ್ಲ. ಎಳೆದು ಕೂರಿಸಬೇಡಿ. ತುಟಿ ಸ್ವಲ್ಪ ಮಸುಕಾಗಿರಲಿ.

ಕೊರತೆ ಅಂದರೆ ಗಿಂಪ್‌ನ 2.10 ಆವೃತ್ತಿಯಲ್ಲಿ ಬೆಳಕು, ಬಣ್ಣ ತಿದ್ದುವ ಕರ್ವ್ಸ್ ಹಾಕಿದರೆ ಅದು ಲೇಯರ್‌ಗೇ ಅಂಟಿಕೊಳ್ಳುತ್ತದೆ, ಆಮೇಲೆ ತಿದ್ದಲು ಬರುವುದಿಲ್ಲ. ಐದು ಜನರ ಮೈಬಣ್ಣ ಹೊಂದಿಸುವಾಗ ಇದು ನಿಜವಾಗಲೂ ತೊಂದರೆ. 2025ರ ಮಾರ್ಚ್‌ನಲ್ಲಿ ಬಂದ 3.0ರಲ್ಲಿ ಕರ್ವ್ಸ್‌ನಂಥ ಫಿಲ್ಟರ್‌ಗಳನ್ನು ಮತ್ತೆ ತೆರೆದು ತಿದ್ದಬಹುದು. ಹಳೆಯದರಲ್ಲೇ ಇದ್ದರೆ ಬದಲಾಯಿಸಿ. ಜೆಪೆಗ್ ಮಾತ್ರ ಎಕ್ಸ್‌ಪೋರ್ಟ್ ಮಾಡಿ ಮುಚ್ಚಬೇಡಿ, ಲೇಯರ್‌ಗಳನ್ನು ಹಾಗೇ ಉಳಿಸುವ ಗಿಂಪ್‌ನ ಎಕ್ಸ್‌ಸಿಎಫ್ ಫೈಲ್‌ನಲ್ಲೂ ಸೇವ್ ಮಾಡಿ. ನಾನು ಎರಡು ಸಂಜೆಯ ಕೆಲಸ ಹಾಗೇ ಕಳೆದುಕೊಂಡೆ.

ಐವರೂ ಬಲಗಡೆ ಮೂಗುಬಟ್ಟು ಇಡುತ್ತಾರೆ, ದೊಡ್ಡಮ್ಮ ಮಾತ್ರ ಎರಡೂ ಕಡೆ. ಬೆರೆಸಿದ ಮುಖದಲ್ಲಿ ಬಲಗಡೆಯದು ಹೊಳೆಯುತ್ತಿತ್ತು, ಎಡಗಡೆ ಐದರಲ್ಲಿ ಒಂದು ಪಾಲಿನ ಮಸುಕು ಚುಕ್ಕೆ. ಹೀಲ್ ಟೂಲ್‌ನಲ್ಲಿ ಅಳಿಸಲು ಹೋದೆ. ದೊಡ್ಡಮ್ಮ ಪರದೆಗೆ ಬೆರಳಿಟ್ಟು, "ಇದು ನಂದು ಕಣೋ, ಬಿಡು" ಅಂದರು. ಪ್ರಿಂಟ್‌ನಲ್ಲೂ ಹಾಗೇ ಇದೆ.